ಮೀನು ಹಿಡಿಯಬಹುದು, ಮೊಲ ಹಿಡಿಯಬಾರದು: ಅರಣ್ಯ ಹಕ್ಕು ಕಾಯ್ದೆ ಬೇಟೆಯನ್ನು ಹೊರಗಿಟ್ಟದ್ದು ಸರಿಯಾ?

ಕಾಡುಪಾಪ:
2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಸೆಕ್ಷನ್ ಬಗ್ಗೆ ಎಲ್ಲರ ಅಭಿಪ್ರಾಯ ಬೇಕು. ಕಾಡಿನಲ್ಲೇ ಬದುಕಿದ ಜನಕ್ಕೆ ಅದು ಉಳುತ್ತಿರುವ ಭೂಮಿಯ ಹಕ್ಕು ಕೊಡುತ್ತದೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ ತಂದು ಮಾರುವ ಹಕ್ಕು ಇದೆ. ದನ ಮೇಯಿಸಬಹುದು, ಹೊಳೆ-ಕೆರೆಯಲ್ಲಿ ಮೀನು ಹಿಡಿಯಬಹುದು. ಕೊನೆಗೆ ರೂಢಿಯಲ್ಲಿರುವ ಬೇರೆ ಯಾವುದೇ ಹಕ್ಕು ಇದ್ದರೂ ಸೇರಿಸಿಕೊಳ್ಳಿ ಎಂದು ಧಾರಾಳವಾಗಿ ಬರೆದು, ಅದಕ್ಕೊಂದು ಬಾಲ ಅಂಟಿಸಿದ್ದಾರೆ. ಬೇಟೆಯಾಡುವುದು, ಉರುಳು ಹಾಕುವುದು, ಕಾಡುಪ್ರಾಣಿಯ ದೇಹದ ಭಾಗ ತೆಗೆಯುವುದು ಮಾತ್ರ ಇಲ್ಲ.

ಇದೇ ಕಾಯ್ದೆಯ ಪೀಠಿಕೆಯಲ್ಲಿ ಈ ಜನಕ್ಕೆ ಚಾರಿತ್ರಿಕ ಅನ್ಯಾಯ ಆಗಿದೆ, ಸರಿಪಡಿಸುತ್ತಿದ್ದೇವೆ ಎಂದು ಸರ್ಕಾರವೇ ಹೇಳಿಕೊಂಡಿದೆ. ಹಾಗಾದರೆ ತಲೆತಲಾಂತರದಿಂದ ನಡೆದ ಬೇಟೆಯನ್ನು ಒಂದೇ ಸಾಲಿನಲ್ಲಿ ತೆಗೆದುಹಾಕಿದ್ದು ಯಾವ ನ್ಯಾಯ? ಅಥವಾ ಅದೇ ಸರಿಯಾ? ಬೈಯುವುದಿದ್ದರೆ ಬೈಯಿರಿ, ಆದರೆ ಕಾಯ್ದೆ ಓದಿ ಬಂದು ಬೈಯಿರಿ.

ಹುಲಿಹೆಜ್ಜೆ:
ಸರಿಯೇ ಇದೆ. ಇದರಲ್ಲಿ ಚರ್ಚೆಗೆ ಏನಿದೆ?

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಜಿಂಕೆ, ಕಡವೆ, ಕಾಟಿ. ಅಷ್ಟು ಬಲಿ ವರ್ಷವರ್ಷವೂ ಸಿಗಬೇಕಾದರೆ ಆ ಹುಲಿಯ ಜಾಗದಲ್ಲಿ ಸುಮಾರು 500 ಬಲಿಪ್ರಾಣಿಗಳು ಇರಬೇಕು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ದಶಕಗಳ ಕಾಲ ಮಾಡಿದ ಕೆಲಸದ ತಿರುಳೇ ಇದು. ಹುಲಿಗೆ ಗುಂಡು ಹೊಡೆಯಬೇಕಿಲ್ಲ, ಅದರ ಊಟ ಕಿತ್ತುಕೊಂಡರೆ ಸಾಕು. ಉರುಳಿಗೆ ಕಣ್ಣಿಲ್ಲ. ಹಂದಿಗೆ ಹಾಕಿದ ತಂತಿಯಲ್ಲಿ ಚಿರತೆ ಸಿಕ್ಕಿ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ ನಮ್ಮ ಕಾಡುಗಳು ಯಾವ ಸ್ಥಿತಿಯಲ್ಲಿದ್ದವು ಎಂದು ಹಳಬರನ್ನು ಕೇಳಿ.

ಕೋವಿಮನೆ:
ಹಳಬರನ್ನು ಕೇಳುವುದಾದರೆ ಪೂರ್ತಿ ಕೇಳಿ ಮಾರಾಯ್ರೇ. ಆಗ ಕಾಡು ಖಾಲಿ ಮಾಡಿದ್ದು ಯಾರು? ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡು. ದೊರೆಗಳು ಬಂದರು, ವೈಸರಾಯ್‌ಗಳು ಬಂದರು, ಆಮೇಲೆ ಲೈಸೆನ್ಸ್ ಇಟ್ಟುಕೊಂಡ ಶ್ರೀಮಂತರು ಜೀಪಿನಲ್ಲಿ ಸರ್ಚ್‌ಲೈಟ್ ಹಾಕಿಕೊಂಡು ಬಂದರು. ನಾನು ಕೊಡಗಿನವನು. ನಮ್ಮವರೂ ಸುಮ್ನೆ ಕೂತಿರಲಿಲ್ಲ. ಬೇಟೆ ಎಂದರೆ ನಮಗೂ ಪ್ರಾಣ, ಒಪ್ಪಿಕೊಳ್ಳುತ್ತೇನೆ. ಮುಂದೆ ಜಾಡು ಹಿಡಿದು ನಡೆದವನು ಕಾಡಿನಲ್ಲಿರುವ ಕುರುಬ, ಹಿಂದೆ ನಿಂತು ಗುಂಡು ಹೊಡೆದವನು ಬೇರೆಯವನು. ಗೋಡೆಯ ಮೇಲೆ ಕೊಂಬು ಯಾರ ಮನೆಯಲ್ಲಿದೆ ನೋಡಿ, ಗೊತ್ತಾಗುತ್ತದೆ.

ರೆಡ್ಮಂಡ್ ರವಿ:
ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಈ ಜಗಳ ಬಹಳ ಹಳೆಯದು, ಕೋರ್ಟು ಹೋಗಿರುವ ದಾರಿ ನಿಮ್ಮ ಕಾಯ್ದೆಗೆ ಪೂರ್ತಿ ಉಲ್ಟಾ.

2014ರ ಜನವರಿಯಲ್ಲಿ ಮೊಂಟಾನಾದ ಕ್ರೋ ಬುಡಕಟ್ಟಿನ ಕೆಲವರು ಎಲ್ಕ್ ಹಿಂಡಿನ (ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ) ಬೆನ್ನು ಹತ್ತಿ ತಮ್ಮ ಮೀಸಲು ಪ್ರದೇಶದ ಗಡಿ ದಾಟಿದರು. ವಯೋಮಿಂಗ್ ರಾಜ್ಯದೊಳಗಿನ ಬಿಗ್‌ಹಾರ್ನ್ ರಾಷ್ಟ್ರೀಯ ಅರಣ್ಯದಲ್ಲಿ ಮೂರು ಎಲ್ಕ್ ಹೊಡೆದು ಮಾಂಸ ತಂದರು. ಅದು ಬೇಟೆಯ ಋತು ಅಲ್ಲ, ಲೈಸೆನ್ಸೂ ಇಲ್ಲ. ರಾಜ್ಯ ಕೇಸು ಹಾಕಿತು. ಅವರ ವಾದ ಇಷ್ಟೇ: 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ನಾವು 3 ಕೋಟಿ ಎಕರೆಗೂ ಜಾಸ್ತಿ ನೆಲ ಬಿಟ್ಟುಕೊಟ್ಟೆವು. ಬದಲಿಗೆ ಯಾರೂ ನೆಲೆಸದ ಸರ್ಕಾರಿ ನೆಲದಲ್ಲಿ ಬೇಟೆಯಾಡುವ ಹಕ್ಕು ಉಳಿಸಿಕೊಂಡೆವು.

2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವರ ವಾದ ಎತ್ತಿಹಿಡಿಯಿತು. ಹೆರೆರಾ ಕೇಸು ಎಂದು ಹೆಸರು. 1890ರಲ್ಲಿ ವಯೋಮಿಂಗ್ ರಾಜ್ಯ ಆಯಿತು ಅಂದ ಮಾತ್ರಕ್ಕೆ ಆ ಹಕ್ಕು ಸತ್ತಿಲ್ಲ, ರಾಷ್ಟ್ರೀಯ ಅರಣ್ಯ ಎಂದು ಬೋರ್ಡು ಹಾಕಿದ ಮಾತ್ರಕ್ಕೂ ಸತ್ತಿಲ್ಲ ಎಂದಿತು. ನಮ್ಮ ರಾಜ್ಯದ್ದೂ ಒಂದಿದೆ, 1999ರದ್ದು. ಓಕ್ ಕ್ರೀಕ್ ಎಂಬ ಜಾಗ ರಾಜ್ಯ ಸರ್ಕಾರವೇ ನೋಡಿಕೊಳ್ಳುವ ವನ್ಯಜೀವಿ ಪ್ರದೇಶ. ಅಂಥ ಜಾಗವೂ ಬುಡಕಟ್ಟುಗಳ ಜೊತೆಗಿನ 1850ರ ದಶಕದ ಒಪ್ಪಂದಗಳು ಹೇಳುವ ಮುಕ್ತ ನೆಲವೇ ಎಂದು ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಆದರೆ ಯಾರು ಎಲ್ಲಿ ಬೇಕಾದರೂ ಹೋಗಿ ಹೊಡೆಯುವ ಹಾಗಿಲ್ಲ. ಆ ಬುಡಕಟ್ಟು ಬಿಟ್ಟುಕೊಟ್ಟ ನೆಲ ಅಥವಾ ಹಿಂದಿನಿಂದ ಬೇಟೆಗೆ ಬಳಸುತ್ತಿದ್ದ ನೆಲ ಆಗಿರಬೇಕು.

ಹುಲಿಹೆಜ್ಜೆ:
ರವಿ ಸರ್, ಹೋಲಿಕೆ ಎಲ್ಲಿಗೆ ಎಲ್ಲಿ? ನಿಮ್ಮಲ್ಲಿ ಬಿಳಿಯರೂ ಲೈಸೆನ್ಸ್ ತಗೊಂಡು ಪ್ರತಿ ವರ್ಷ ಎಲ್ಕ್ ಹೊಡೆಯುತ್ತಾರೆ. ಬೇಟೆ ಅಲ್ಲಿ ನಿಂತೇ ಇಲ್ಲ. ಅಲ್ಲಿನ ಜಗಳ ಯಾರಿಗೆ ಎಷ್ಟು ಪಾಲು ಎಂಬುದು. ನಮ್ಮಲ್ಲಿ ಬೇಟೆ ಯಾರಿಗೂ ಇಲ್ಲ, ಮಂತ್ರಿಗೂ ಇಲ್ಲ. ಎಲ್ಲರಿಗೂ ಒಂದೇ ಕಾನೂನು ಇದ್ದಾಗ ಅನ್ಯಾಯ ಎಲ್ಲಿಂದ ಬಂತು?

ಇನ್ನೊಂದು, ಒಪ್ಪಂದ. ಕ್ರೋ ಜನ ನೆಲ ಕೊಟ್ಟು ಹಕ್ಕು ಪಡೆದರು. ಅದು ಎರಡು ಕಡೆಯ ಸಹಿ ಇರುವ ಕಾಗದ. ಇಲ್ಲಿ ಅಂಥ ಕಾಗದ ಇದೆಯಾ?

ಹಾಡಿಹುಡುಗಿ:
ಕಾಗದ ಇಲ್ಲ ಸರ್. ನಮ್ಮ ಅಜ್ಜನ ಹತ್ತಿರ ಯಾರೂ ಸಹಿ ಕೇಳಲೇ ಇಲ್ಲ, ಎದ್ದು ಹೋಗಿ ಅಂದರು. ಕ್ರೋ ಜನದ ಹತ್ತಿರ ಕನಿಷ್ಠ ಕೇಳಿದರಲ್ಲ.

ಸೆಕ್ಷನ್ ಸರಸಕ್ಕ:
ವೃತ್ತಿಯಲ್ಲಿ ವಕೀಲೆ, ಮೈಸೂರು. ಎರಡು ವಿಷಯ ಹೇಳಬೇಕು.

ಮೊದಲನೆಯದು, ಎಲ್ಲರಿಗೂ ಒಂದೇ ಕಾನೂನು ಎಂಬುದು ನಿಜ ಅಲ್ಲ. ವನ್ಯಜೀವಿ ಕಾಯ್ದೆಯ 65ನೇ ಸೆಕ್ಷನ್ ತೆಗೆದು ನೋಡಿ. ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ 1967ರ ಅಧಿಸೂಚನೆಯಲ್ಲಿ ಕೊಟ್ಟಿದ್ದ ಬೇಟೆಯ ಹಕ್ಕಿಗೆ ಈ ಕಾಯ್ದೆಯಿಂದ ಧಕ್ಕೆ ಇಲ್ಲ ಎಂದು ಬರೆದಿದೆ. ಅಂದರೆ 1972ರಲ್ಲೇ ಕಾನೂನು ಮಾಡಿದವರಿಗೆ ಬುಡಕಟ್ಟಿನ ಬೇಟೆ ಬೇರೆ, ಶೋಕಿಯ ಬೇಟೆ ಬೇರೆ ಎಂಬುದು ಗೊತ್ತಿತ್ತು. ದ್ವೀಪದವರಿಗೆ ಸಿಕ್ಕಿದ್ದು ನಾಗರಹೊಳೆಯವರಿಗೆ ಯಾಕೆ ಸಿಗಲಿಲ್ಲ? ಅಲ್ಲಿ 1967ರಲ್ಲಿ ಯಾರೋ ಒಂದು ಅಧಿಸೂಚನೆ ಬರೆದಿದ್ದರು, ಇಲ್ಲಿ ಬರೆಯಲಿಲ್ಲ. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ಎರಡನೆಯದು, ಒಪ್ಪಂದ ಇಲ್ಲ ಎಂದರೆ ಹಕ್ಕೂ ಇಲ್ಲ ಎಂಬ ವಾದ. ಬ್ರಿಟಿಷರು 1878ರ ಅರಣ್ಯ ಕಾಯ್ದೆ ತಂದು ಗಜೆಟ್‌ನಲ್ಲಿ ಅಚ್ಚು ಹಾಕಿ ಕಾಡನ್ನು ತಮ್ಮದು ಮಾಡಿಕೊಂಡರು. 1927ರದ್ದು ಇಂದಿಗೂ ಜಾರಿಯಲ್ಲಿದೆ. ಯಾರನ್ನೂ ಕೇಳದೆ ತೆಗೆದುಕೊಂಡವನು ಈಗ ನಿನ್ನ ಹತ್ತಿರ ರಸೀದಿ ಇದೆಯಾ ಅಂದರೆ ಹೇಗೆ? ಅದಕ್ಕೇ 2006ರ ಕಾಯ್ದೆ ಹಕ್ಕು ‘ಕೊಡುತ್ತೇವೆ’ ಎನ್ನುವುದಿಲ್ಲ, ಇದ್ದ ಹಕ್ಕನ್ನು ‘ಮಾನ್ಯ ಮಾಡುತ್ತೇವೆ’ ಎನ್ನುತ್ತದೆ. ಇಷ್ಟಾಗಿಯೂ ಬೇಟೆಯ ಸಾಲು ಮಾತ್ರ ಸ್ಪಷ್ಟವಾಗಿದೆ. ಕೋರ್ಟಿಗೆ ಹೋದರೂ ಇವತ್ತಿನ ಕಾಯ್ದೆಯಲ್ಲಿ ಅದಕ್ಕೆ ಜಾಗ ಇಲ್ಲ. ಹುಲಿ ಸಂರಕ್ಷಿತ ಪ್ರದೇಶದ ತಿರುಳು ಕಾಡಿನಲ್ಲಿ ಬೇಟೆಗೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಯಾರೂ ಈ ಚರ್ಚೆ ಓದಿ ಧೈರ್ಯ ಮಾಡಬೇಡಿ.

ಕೋವಿಮನೆ:
ಎಲ್ಲರಿಗೂ ಒಂದೇ ಕಾನೂನು ಎಂದರಲ್ಲ, ನಗು ಬಂತು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಕೇಂದ್ರ 2019ರಲ್ಲಿ ಇದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಸರಿ ಎಂದಿತು. ಕೈಲ್‌ಪೊಳ್ದ್ ದಿನ, ಅಂದರೆ ನಮ್ಮ ಆಯುಧ ಪೂಜೆಯ ಹಬ್ಬದಲ್ಲಿ, ನಾವು ಕೋವಿಗೆ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ನಮ್ಮ ಸಂಸ್ಕೃತಿ ಎಂದು ದೇಶ ಒಪ್ಪಿಕೊಂಡಿದೆ. ಅದೇ ನಮ್ಮ ತೋಟದ ಲೈನ್ ಮನೆಯ ಕುರುಬನ ಹತ್ತಿರ ಒಂದು ತುಂಡು ತಂತಿ ಸಿಕ್ಕಿದರೆ ಅವನು ಕಳ್ಳಬೇಟೆಗಾರ. ನಾನು ಬೇಟೆ ಬೇಕು ಅಂತ ಹೇಳುತ್ತಿಲ್ಲ. ಸಂಸ್ಕೃತಿ ಎಂಬ ಮಾತು ಯಾರ ಬಾಯಲ್ಲಿ ಬಂದರೆ ನಡೆಯುತ್ತದೆ ಎಂದು ಹೇಳುತ್ತಿದ್ದೇನೆ.

ಗುಂಡ್ಲುಪೇಟೆ ಗೌಡ:
ಎಲ್ಲ ಸರಿ. ನನ್ನ ಜೋಳದ ಹೊಲಕ್ಕೆ ದಿನಾ ರಾತ್ರಿ ಹಂದಿ ಬರುತ್ತವೆ. ಅವರಿಗೆ ಬೇಟೆ ಹಕ್ಕು ಕೊಡುವುದಾದರೆ ನಮಗೂ ಕೊಡಿ. ಪಕ್ಕದ ಕೇರಳದಲ್ಲಿ ಕೊಟ್ಟಿದ್ದಾರಲ್ಲ.

ಹಾಡಿಹುಡುಗಿ:
ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಾವು ಜೇನುಕುರುಬರು. ಮೇಲಿನವರೆಲ್ಲ ನಮ್ಮ ಬಗ್ಗೆ ಮಾತಾಡುತ್ತಿದ್ದೀರಿ, ಸಂತೋಷ. ಆದರೆ ಒಂದು ವಿಷಯ. ನಮ್ಮ ಹಾಡಿಯ (ಕಾಡಿನ ನಮ್ಮ ಊರಿನ) ಸಭೆಗಳಲ್ಲಿ ನಾನು ಕೇಳಿರುವುದು ಇವನ್ನೇ: ಅಜ್ಜ-ಅಜ್ಜಿಯರ ಸಮಾಧಿಗೆ ಹೋಗಲು ಬಿಡಿ. ದೇವರ ಜಾಗಕ್ಕೆ ಬಿಡಿ. ಜೇನಿಗೆ ಬಿಡಿ. ಮನೆ ಕಟ್ಟಿಕೊಳ್ಳಲು ಬಿಡಿ. ಬೇಟೆ ಬೇಕು ಎಂದು ಯಾರೂ ಅರ್ಜಿ ಹಾಕಿದ್ದು ನನಗೆ ಗೊತ್ತಿಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಕುಟುಂಬ ವಾಪಸ್ ಹೋದವಲ್ಲ, ಅವರು ಕೇಳಿದ್ದೂ ನೆಲದ ಹಕ್ಕು. ಬೇಟೆ ಎಂಬ ಮಾತು ಬರುವುದು ಯಾವಾಗ ಗೊತ್ತಾ? ನಮ್ಮನ್ನು ಒಳಗೆ ಬಿಡಬಾರದು ಎಂದು ಬೇರೆಯವರು ವಾದ ಮಾಡುವಾಗ.

ಕಾಕನಕೋಟೆಯ ಖೆಡ್ಡಾದಲ್ಲಿ, ಅಂದರೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಆನೆಯ ಜಾಡು ಹಿಡಿಯಲು ನಮ್ಮವರು ಬೇಕಿತ್ತು. ಕೊನೆಯ ಖೆಡ್ಡಾ ಆಗಿದ್ದು 1971ರಲ್ಲಿ. ಇವತ್ತಿಗೂ ದಸರಾ ಆನೆಯ ಮೇಲೆ ಕೂರುವ ಮಾವುತರಲ್ಲಿ, ಕಾವಾಡಿಗಳಲ್ಲಿ ನಮ್ಮವರಿದ್ದಾರೆ. ಹುಲಿ ಹಿಡಿಯುವ ಕೂಂಬಿಂಗ್‌ಗೆ ಮುಂದೆ ನಡೆಯುವ ವಾಚರ್ ನಮ್ಮವನೇ. ಸಂಜೆ ಡ್ಯೂಟಿ ಮುಗಿಸಿ ಬಂದರೆ ಅವನ ಬ್ಯಾಗ್ ಬಿಚ್ಚಿ ನೋಡುತ್ತಾರೆ. ಯಾವ ರೇಂಜ್ ಎಂದು ಹೇಳುವುದಿಲ್ಲ, ನನ್ನ ಚಿಕ್ಕಪ್ಪನ ಕೆಲಸ ಹೋಗುತ್ತದೆ.

ಕಾಡುಪಾಪ:
ಹುಡುಗಿ, ಒಳ್ಳೆಯ ಮಾತು ಹೇಳಿದಿರಿ. ಆದರೂ ಕೇಳುತ್ತೇನೆ, ಬೇಜಾರಾಗಬೇಡಿ. ಅರ್ಜಿ ಹಾಕದೆ ಇರುವುದು ಬೇಡ ಎಂದೋ, ಕೇಳಿದರೆ ಇದ್ದದ್ದೂ ಹೋಗುತ್ತದೆ ಎಂಬ ಭಯವೋ?

ಹಾಡಿಹುಡುಗಿ:
ಎರಡೂ. ವಯಸ್ಸಾದವರಿಗೆ ಅದರ ಆಸೆ ಇದೆ, ಕಥೆ ಹೇಳುವಾಗ ಕಣ್ಣು ಅರಳುತ್ತದೆ. ನನ್ನ ವಯಸ್ಸಿನವರಿಗೆ ಉದ್ಯೋಗ ಬೇಕು. ನನಗೆ ಕಾಡುಕೋಳಿ ಹಿಡಿಯಲು ಬರುವುದಿಲ್ಲ ಸರ್, ಹಾಸ್ಟೆಲ್‌ನಲ್ಲಿ ಬೆಳೆದವಳು.

ಹುಲಿಹೆಜ್ಜೆ:
ನೋಡಿ, ಅವರಿಗೇ ಬೇಡದ್ದನ್ನು ನಾವು ಇಲ್ಲಿ ಕೂತು ಕೊಡಿಸಲು ಹೊರಟಿದ್ದೇವೆ. ಒಮ್ಮೆ ಬಾಗಿಲು ತೆಗೆದರೆ ಒಳಗೆ ಬರುವವರು ಹಾಡಿಯವರಲ್ಲ. ಹೋಮ್‌ಸ್ಟೇಗೆ ಮಾಂಸ ಒದಗಿಸುವ ದಲ್ಲಾಳಿ. ಹಾಡಿಯ ಹುಡುಗನ ಕೈಗೆ ಐನೂರು ರೂಪಾಯಿ ಕೊಟ್ಟು ಉರುಳು ಹಾಕಿಸುತ್ತಾನೆ, ಜೈಲಿಗೆ ಹೋಗುವವನು ಹುಡುಗ.

ಪೋಡಿನವನು:
ಹುಲಿಹೆಜ್ಜೆ ಅಣ್ಣ, ಆ ದಲ್ಲಾಳಿ ಈಗಲೂ ಬರುತ್ತಾನೆ, ಬಾಗಿಲು ಮುಚ್ಚಿದ್ದರೂ ಬರುತ್ತಾನೆ. ಅವನನ್ನು ತಡೆಯುವ ಅಧಿಕಾರ ನಮ್ಮ ಪೋಡಿಗೆ (ಸೋಲಿಗರ ಊರಿಗೆ) ಇದ್ದರೆ ಬರುತ್ತಾನಾ ಎಂಬುದು ನನ್ನ ಪ್ರಶ್ನೆ.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. 1974ರಲ್ಲಿ ನಮ್ಮ ಕಾಡು ಅಭಯಾರಣ್ಯ ಆಯಿತು. ಬೇಟೆ ನಿಂತಿತು, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ನಿಂತಿತು. ನಮ್ಮ ಹಿರಿಯರು ಬೇಸಿಗೆ ಏರುವ ಮುಂಚೆ ತರಗು ಬೆಂಕಿ ಹಾಕುತ್ತಿದ್ದರು. ನೆಲಮಟ್ಟದಲ್ಲಿ ಒಣ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಅದೂ ಅಪರಾಧ ಆಯಿತು. ಆಮೇಲೆ ಏನಾಯಿತು? ಲಂಟಾನ ಎಂಬ ಕಳೆಗಿಡ ಆಳೆತ್ತರ ಬೆಳೆಯಿತು. ಹುಲ್ಲು ಸತ್ತಿತು. ನೆಲ್ಲಿ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹತ್ತಿತು. ಹುಲ್ಲಿಲ್ಲದಿದ್ದರೆ ಜಿಂಕೆ ಎಲ್ಲಿ, ಕಡವೆ ಎಲ್ಲಿ? ನೀವು ಹೇಳಿದ 500 ಬಲಿಪ್ರಾಣಿಗೆ ಮೇವು ಬೇಕಲ್ಲ ಅಣ್ಣ. ಉರುಳು ಹುಲಿಯ ಊಟ ಕದಿಯುತ್ತದೆ, ಒಪ್ಪಿದೆ. ಲಂಟಾನ ಕದಿಯುವ ಲೆಕ್ಕ ಯಾರ ಮೇಲೆ ಬರೆಯುತ್ತೀರಿ?

ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ಹೆಸರಲ್ಲಿ ಜೇನು, ನೆಲ್ಲಿಕಾಯಿ ತರುವುದನ್ನೂ ನಿಲ್ಲಿಸಿದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ನಮ್ಮ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಬಂತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕುಪತ್ರ ಸಿಕ್ಕಿದ್ದು ದೇಶದಲ್ಲೇ ಮೊದಲು. ಅದರಲ್ಲಿ ಕಾಡು ಕಾಯುವ, ನಿರ್ವಹಿಸುವ ಹಕ್ಕೂ ಇದೆ. ಪೇಪರಲ್ಲಿ ಇದೆ. ನಮ್ಮ ಕುಲಕುಲಕ್ಕೂ ಒಂದೊಂದು ಎಲ್ಲೆ ಇದೆ. ಯಾವ ದೇವರು ಯಾವ ಕಡೆ, ವೀರು ಎಲ್ಲಿ, ಮಾರಮ್ಮ ಎಲ್ಲಿ, ಎಲ್ಲ ನಕ್ಷೆ ಮಾಡಿ ಕೊಟ್ಟಿದ್ದೇವೆ. ತರಗು ಬೆಂಕಿಗೆ ಮಾತ್ರ ಇವತ್ತಿಗೂ ಬಿಡುವುದಿಲ್ಲ.

ರೆಡ್ಮಂಡ್ ರವಿ:
ಪೋಡಿನವರು ಹೇಳಿದ್ದೇ ಅಸಲು ಮಾತು. ಇಲ್ಲಿ ಒಪ್ಪಂದದ ಹಕ್ಕು ಎಂದರೆ ಸುಮ್ನೆ ಬಂದೂಕು ಹಿಡಿದು ಹೋಗುವುದಲ್ಲ. ಬುಡಕಟ್ಟು ತಾನೇ ಋತು ಗೊತ್ತು ಮಾಡುತ್ತದೆ, ತಾನೇ ಟ್ಯಾಗ್ (ಬೇಟೆಯ ಅನುಮತಿ ಚೀಟಿ) ಕೊಡುತ್ತದೆ. ಅವರದ್ದೇ ಜೀವಶಾಸ್ತ್ರಜ್ಞರು ಹಿಂಡು ಎಣಿಸುತ್ತಾರೆ, ಅವರದ್ದೇ ವಾರ್ಡನ್ ತಪ್ಪು ಮಾಡಿದವನನ್ನು ಹಿಡಿಯುತ್ತಾನೆ, ಅವರದ್ದೇ ಕೋರ್ಟು ದಂಡ ಹಾಕುತ್ತದೆ. ಹೆರೆರಾ ತೀರ್ಪಿನಲ್ಲೂ ಸಂರಕ್ಷಣೆಗೆ ನಿಜವಾಗಿ ಅಗತ್ಯ ಇದ್ದರೆ ರಾಜ್ಯ ನಿರ್ಬಂಧ ಹಾಕಬಹುದು ಎಂಬ ದಾರಿ ಬಿಟ್ಟಿದ್ದಾರೆ. ಅಗತ್ಯ ಇದೆ ಎಂದು ತೋರಿಸಬೇಕಾದದ್ದು ರಾಜ್ಯ.

ಇಲ್ಲಿನ ಬಿಳಿಯರು ಸುಲಭಕ್ಕೆ ಒಪ್ಪಲಿಲ್ಲ. ವಿಸ್ಕಾನ್ಸಿನ್‌ನಲ್ಲಿ 1983ರಲ್ಲಿ ಕೋರ್ಟು ಒಜಿಬ್ವೆ ಬುಡಕಟ್ಟಿನ ಜನದ ಮೀನು-ಬೇಟೆ ಹಕ್ಕು ಎತ್ತಿಹಿಡಿದಾಗ ದೋಣಿಕಟ್ಟೆಗಳಲ್ಲಿ ಜನ ಸೇರಿ ಕಲ್ಲು ಎಸೆದರು, ಬಾಯಿಗೆ ಬಂದ ಹಾಗೆ ಬೈದರು. ಈಟಿ ಹಾಕಿ ಮೀನು ಹಿಡಿದರೆ ಕೆರೆ ಬರಿದಾಗುತ್ತದೆ ಎಂದರು. 1991ರಲ್ಲಿ ಸರ್ಕಾರ, ಬುಡಕಟ್ಟು ಸೇರಿ ಮಾಡಿದ ವರದಿ ಬಂತು. ಹಾಗೇನೂ ಆಗಿರಲಿಲ್ಲ.

ಹುಲಿಹೆಜ್ಜೆ:
ಅಲ್ಲಿ ಅವರಿಗೆ ಜೀವಶಾಸ್ತ್ರಜ್ಞರನ್ನು ಇಟ್ಟುಕೊಳ್ಳುವ ದುಡ್ಡಿದೆ, ಕೋರ್ಟಿದೆ. ಇಲ್ಲಿ ಗ್ರಾಮಸಭೆ ಸೇರುವುದೇ ಕಷ್ಟ. ನಾಗರಹೊಳೆ ಎಂದರೆ 650 ಚದರ ಕಿಲೋಮೀಟರ್ ಹತ್ತಿರ. ಅದರ ಸುತ್ತ ಎಷ್ಟು ಲಕ್ಷ ಜನ ಇದ್ದಾರೆ? ಒಂದು ತಪ್ಪು ಪ್ರಯೋಗ ಮಾಡಿ ನೋಡೋಣ ಎನ್ನಲು ಜಾಗ ಎಲ್ಲಿದೆ? ಲಂಟಾನದ ವಿಷಯ ಪೋಡಿನವರು ಹೇಳಿದ್ದು ಸರಿ, ತರಗು ಬೆಂಕಿಯನ್ನು ಒಂದೆರಡು ಕಡೆ ಹತೋಟಿಯಲ್ಲಿ ಹಾಕಿ ನೋಡಲಿ, ನನ್ನ ತಕರಾರಿಲ್ಲ. ಬೇಟೆಗೆ ಮಾತ್ರ ಇದೆ.

ಕೋವಿಮನೆ:
ಜಾಗ ಇಲ್ಲ ಎನ್ನುವವರು ನಾಗರಹೊಳೆಯ ಒಳಗೆ ತಾಜ್ ಗುಂಪಿನ ಹೋಟೆಲ್‌ಗೆ ಜಾಗ ಕೊಟ್ಟಿದ್ದನ್ನು ನೆನಪಿಸಿಕೊಳ್ಳಿ. ಕೋರ್ಟಿಗೆ ಹೋಗಿ 1997ರಲ್ಲಿ ಅದನ್ನು ನಿಲ್ಲಿಸಿದವರು ಆದಿವಾಸಿಗಳೇ. ಕಾಡು ಕಾಯುವುದು ಎಂದರೆ ಅದೂ ಕಾಯುವುದೇ ಅಲ್ವಾ?

ಸೆಕ್ಷನ್ ಸರಸಕ್ಕ:
ಗ್ರಾಮಸಭೆ ಸೇರುವುದು ಕಷ್ಟ ಎಂದಿರಿ. ಸೇರಿದರೂ ಬೆಲೆ ಎಷ್ಟಿದೆ ನೋಡಿ. ಬೇಟೆಯಾಡಿದವನಿಗೆ ಮೂರು ವರ್ಷ ಜೈಲು ಎಂದೆನಲ್ಲ, ಅರಣ್ಯ ಹಕ್ಕು ಕಾಯ್ದೆ ಉಲ್ಲಂಘಿಸಿದ ಅಧಿಕಾರಿಗೆ ಏಳನೇ ಸೆಕ್ಷನ್‌ನಲ್ಲಿ ಶಿಕ್ಷೆ ಏನು ಗೊತ್ತಾ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ ದಂಡ. ಅದಕ್ಕೂ ಮೊದಲು ರಾಜ್ಯ ಮಟ್ಟದ ಸಮಿತಿಗೆ 60 ದಿನದ ನೋಟಿಸ್ ಕೊಡಬೇಕು.

ಪೋಡಿನವರೇ, ನಿಮಗೊಂದು ಮಾತು. ಐದನೇ ಸೆಕ್ಷನ್ ವನ್ಯಜೀವಿ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ನಿಯಮಗಳಲ್ಲಿ ಅದಕ್ಕೆ ಪ್ರತ್ಯೇಕ ಸಮಿತಿ ಮಾಡಲೂ ಹೇಳಿದೆ. ಪೋಡಿನ ಎಲ್ಲೆಯೊಳಗೆ ಹೊರಗಿನವನು ಉರುಳು ಹಾಕಿದರೆ ನೀವೇ ತಡೆಯಬಹುದು, ಠರಾವು ಮಾಡಬಹುದು. ಬೇಟೆಯ ಹಕ್ಕು ಕೇಳುವ ಮುಂಚೆ ಬೇಟೆ ತಡೆಯುವ ಅಧಿಕಾರವನ್ನು ಬಳಸಿ ತೋರಿಸಿ. ನಾಳೆ ಯಾರಾದರೂ ಕಾಯ್ದೆ ತಿದ್ದುವ ಮಾತೆತ್ತಿದರೆ ಆ ಠರಾವು ಪುಸ್ತಕ ಕೆಲಸಕ್ಕೆ ಬರುತ್ತದೆ.

ಪೋಡಿನವನು:
ಅಕ್ಕ, ಠರಾವು ಬರೆಯುತ್ತೇವೆ. ಆದರೆ ರಾತ್ರಿ ಹೊರಗಿನವನನ್ನು ಹಿಡಿಯಲು ಕಾಡಿಗೆ ಹೋದರೆ ನಮ್ಮನ್ನೇ ಬೇಟೆಗೆ ಬಂದವರು ಎಂದು ಹಿಡಿದರೆ? ನಮ್ಮ ಸಮಿತಿಯವರಿಗೆ ಗುರುತಿನ ಚೀಟಿ ಕೊಡುವವರು ಯಾರು?

ಸೆಕ್ಷನ್ ಸರಸಕ್ಕ:
ಗ್ರಾಮಸಭೆಯೇ ಕೊಡಬಹುದು. ಹೆಸರುಗಳ ಠರಾವಿನ ಪ್ರತಿ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ತಹಶೀಲ್ದಾರ್, ಉಪವಿಭಾಗ ಮಟ್ಟದ ಸಮಿತಿ ಮೂವರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದೆ ವಾಪಸ್ ಬರಬೇಡಿ. ಬೀಟ್‌ನ ಅರಣ್ಯ ಸಿಬ್ಬಂದಿಗೆ ಮೊದಲೇ ತಿಳಿಸಿ ಹಗಲು ಹೊತ್ತಿನ ಗಸ್ತಿನಿಂದ ಶುರು ಮಾಡಿ. ಕರಡು ಬೇಕಿದ್ದರೆ ನಾನು ಬರೆದುಕೊಡುತ್ತೇನೆ, ಫೀಸು ಬೇಡ.

ಹುಲಿಹೆಜ್ಜೆ:
ಗಸ್ತಿಗೆ ನಾನೂ ಬರುತ್ತೇನೆ, ಕರೆದರೆ.

ಪೋಡಿನವನು:
ಬನ್ನಿ ಅಣ್ಣ. ಬಿಳಿ ಶೂ ಹಾಕಿಕೊಂಡು ಬರಬೇಡಿ.

ಗುಂಡ್ಲುಪೇಟೆ ಗೌಡ:
ನನ್ನ ಹಂದಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಸೆಕ್ಷನ್ ಸರಸಕ್ಕ:
ಗೌಡರೇ, ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರು ಅನುಮತಿ ಕೊಟ್ಟರೆ ಬಂದೂಕು ಲೈಸೆನ್ಸ್ ಇದ್ದವರು ಹಂದಿ ಹೊಡೆಯಬಹುದು. ಆದರೆ ಹೊಡೆದ ಹಂದಿಯನ್ನು ಹೂಳಬೇಕು, ತಿನ್ನುವ ಹಾಗಿಲ್ಲ. ಅದೂ ಬೇಟೆಯ ಹಕ್ಕಲ್ಲ. ಇಲ್ಲೂ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬೆಳೆಗೆ ಅಪಾಯ ತರುವ ಪ್ರಾಣಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ಕೊಡಬಹುದು. ಕರೆಂಟ್ ತಂತಿ ಮಾತ್ರ ಎಳೆಯಬೇಡಿ. ಬೆಳೆ ಹೋಗಿದ್ದರೆ ಮೊದಲು ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರದ ಅರ್ಜಿ ಹಾಕಿ.

ಗುಂಡ್ಲುಪೇಟೆ ಗೌಡ:
ಅರ್ಜಿ ಹಾಕಿದ್ದೇನೆ ಮೇಡಂ. ಹೋದ ವರ್ಷದ್ದೇ ಇನ್ನೂ ಬಂದಿಲ್ಲ.